ದೊಡ್ಡಮ್ಮ ಹಾಸನದ ಬಸ್ಸು ಹತ್ತಿದ ದಿನ

ನಾನಿನ್ನೂ ಚಿಕ್ಕವಳಿದ್ದಾಗ, ಅಂದರೆ ಚಿಂತೆ ಮಾಡುವುದನ್ನು ಆಗತಾನೆ ಕಲಿತಿದ್ದ ಎಂಟನೆಯ ವಯಸ್ಸಿನಲ್ಲಿ, ಒಂದು ದಿನ ಬೆಳಗಾಗುವ ಮೊದಲೇ ಎದ್ದು ಏನೇನು ಕೆಡಬಹುದೆಂದು ಬೆರಳು ಮಡಿಸುತ್ತ ಕೂತಿದ್ದೆ. ಹಾಸನದ ಬಸ್ಸು ಬರದೇ ಹೋಗಬಹುದು. ಬಂದರೂ ಏರಿನಲ್ಲಿ ಕೆಟ್ಟು ನಿಲ್ಲಬಹುದು. ಕೂರಲು ಜಾಗ ಇಲ್ಲದಿರಬಹುದು. ಆಸ್ಪತ್ರೆಯ ಡಾಕ್ಟರು ರಜೆ ಹಾಕಿರಬಹುದು. ರಜೆ ಹಾಕದಿದ್ದರೆ ಅವರ ಕೈ ನಡುಗಬಹುದು. ಇತ್ತ ಹಿಟ್ಟು ಕೆಟ್ಟು ನಾಳೆಯ ಇಡ್ಲಿ ಕಲ್ಲಾಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಹಾಸನಕ್ಕೆ ಹೋದ ದೊಡ್ಡಮ್ಮ ತಿರುಗಿ ಬರದೇ ಇರಬಹುದು. ನನ್ನ ಬೆರಳು ಸಾಲದೆ ಪಕ್ಕದಲ್ಲಿ ಮಲಗಿದ್ದ ಅಕ್ಕನ ಕೈಯನ್ನೂ ಎಳೆದುಕೊಂಡೆ. ಅವಳು ನಿದ್ದೆಗಣ್ಣಿನಲ್ಲೇ ಒಂದು ಗುದ್ದಿದಳು.

ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅಪ್ಪನ ಹೋಟೆಲಿತ್ತು. ಹೋಟೆಲೆಂದರೆ ನೀವು ಈಗ ನೋಡುವಂಥದ್ದಲ್ಲ. ನಾಡಹೆಂಚಿನ ಮಾಡು, ಸಗಣಿ ಸಾರಿಸಿದ ನೆಲ, ಎರಡು ಬೆಂಚು, ಹೊಗೆ ಕುಡಿದು ಕಪ್ಪಾದ ಗೋಡೆ. ಕಾಫಿ, ಹಸಿ ಸೌದೆ, ಹುಳಿ ಹಿಟ್ಟು ಮೂರೂ ಸೇರಿದ ಒಂದು ವಾಸನೆ ನಮ್ಮ ಬಟ್ಟೆಯಿಂದ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಊರಿನವರ ಹಾಲು ಅಲ್ಲಿಗೇ ಬರಬೇಕು, ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚುವ ಚಿಕ್ಕಮ್ಮನ ಮುತ್ತುಗದ ಎಲೆಯೂ ಅಲ್ಲಿಗೇ. ಜ್ವರ ಬಿದ್ದ ಮನೆಗೆ ಬಿಸಿ ಇಡ್ಲಿ ನಮ್ಮಲ್ಲಿಂದಲೇ ಹೋಗುತ್ತಿತ್ತು. ಟಪಾಲಿನವನು ಊರಿನ ಕಾಗದಗಳನ್ನೆಲ್ಲ ನಮ್ಮ ಬೆಂಚಿನ ಮೇಲಿಟ್ಟು ಕಾಫಿ ಕುಡಿದು ಹೋಗುತ್ತಿದ್ದ. ಅಪ್ಪ ಒಂದು ದಿನವೂ ಬಾಗಿಲು ಹಾಕುತ್ತಿರಲಿಲ್ಲ. "ನಾವ್ ಮುಚ್ಚುದ್ರೆ ಆಲು ಎಲ್ಲಿಗ್ ಒಯ್ತಾರೆ? ಎಲೆ ಯಾರಿಗ್ ಕೊಡ್ತಾರೆ?" ಎನ್ನುತ್ತಿದ್ದರು.

ದೊಡ್ಡಮ್ಮ ನಮಗೆ ಸಂಬಂಧಿಕಳಲ್ಲ. ಹೋಟೆಲಿನ ಹಿಟ್ಟು ರುಬ್ಬುವವಳು. ಅಮ್ಮ ತೀರಿಕೊಂಡ ಮೇಲೆ ನಮ್ಮಿಬ್ಬರ ತಲೆ ಬಾಚಿದವಳೂ ಅವಳೇ. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕುದಿಯುವ ನೀರಿನ ಹಂಡೆಯ ಮೇಲೆ ಅಂಗೈ ಊರಿದ ದಿನವೇ ಅದು ನಮಗೆ ತಿಳಿದದ್ದು. ಅಲ್ಲಿಯವರೆಗೆ ಯಾರಿಗೂ ಹೇಳದೆ, ಕೈಯ ಅಂದಾಜಿನಲ್ಲೇ ರುಬ್ಬಿದ್ದಳು.

ಹಾಸನದ ಆಸ್ಪತ್ರೆಗೆ ಹೋಗು ಎಂದರೆ ಒಪ್ಪಲಿಲ್ಲ. "ಕಣ್ಣು ಓದ್ರೆ ಓಗ್ಲಿ ಬುಡಪ್ಪ, ರುಬ್ಬಾಕೆ ಕೈ ಐತಲ್ಲ. ನಾನ್ ಅಲ್ಲಿ ಬಿದ್ಕಂಡಿದ್ರೆ ನನ್ ಒಳ್ಕಲ್ ಮುಂದೆ ಇನ್ನೊಬ್ಬಳ್ನ ಕೂರುಸ್ತೀಯ."

"ಇನ್ನೊಬ್ಬಳ್ನ ಯಾಕಮ್ಮ ಕೂರುಸ್ಲಿ? ನಾನೇ ಕೂತ್ಕತೀನಿ" ಎಂದರು ಅಪ್ಪ.

ಒಲೆಯ ಮುಂದಿದ್ದ ಅಡುಗೆಯ ಮಾವ ಸುಮ್ಮನಿರಲಿಲ್ಲ. "ಕೂತ್ಕಳಣ್ಣ. ನಿನ್ ಇಡ್ಲೀಲಿ ಗ್ವಾಡೆ ಕಟ್ಬೋದು."

ಹೊರಡುವ ದಿನ ಬೆಳಿಗ್ಗೆ ಅಪ್ಪ ನಿಜವಾಗಿಯೂ ಒರಳುಕಲ್ಲಿನ ಮುಂದೆ ಕೂತರು. ದೊಡ್ಡಮ್ಮ ಬಟ್ಟೆಗಂಟನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತು, ಕಿವಿಯಲ್ಲೇ ಹಿಟ್ಟನ್ನು ನೋಡುತ್ತಿದ್ದಳು. "ಅಂಗ್ ಓಡುಸ್ಬ್ಯಾಡ ಕಣಪ್ಪ, ಇಟ್ಟು ಬಿಸಿಯಾಯ್ತದೆ. ಸದ್ದು ಕೇಳು. ಗಂಟ್ಲು ಒಣಗ್ದಂಗ್ ಕೂಗ್ತೈತಲ್ಲ, ಈಗ ಒಸಿ ನೀರಾಕು." ಅಪ್ಪನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅಂದು ಜನವೋ ಜನ. ಮಾವ ಇಡ್ಲಿ ಇಳಿಸುತ್ತಿದ್ದರು, ಅಕ್ಕ ಎಲೆ ಹಾಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತ, ಇನ್ನೇನು ಕೆಡಬಹುದೆಂದು ಹುಡುಕುತ್ತಿದ್ದೆ.

ದೊಡ್ಡಮ್ಮ ನನ್ನ ಕಡೆಗೆ ಮುಖ ತಿರುಗಿಸಿ ಕೇಳಿದಳು: "ಏನವ್ವ, ಬಸ್ ಬರಾಕೆ ಇನ್ನೂ ಒತ್ತೈತಾ?"

ಬಸ್ಸು ತಪ್ಪೀತೆಂಬ ಹೆದರಿಕೆ ನನಗೆ. "ಬಂದೇ ಬುಡ್ತು ದೊಡ್ಡಮ್ಮ, ಏಳು, ಏಳು!" ಎಂದುಬಿಟ್ಟೆ. ಅವಳು ಗೋಡೆ ಸವರಿಕೊಂಡು ಹೊರಗೆ ಹೋಗಿ, ಗಂಟು ಅವುಚಿಕೊಂಡು ಹುಣಸೆಮರದ ಕೆಳಗೆ ನಿಂತಳು. ಬಸ್ಸು ಬಂದದ್ದು ಒಂದು ಗಂಟೆಯ ಮೇಲೆ.

ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ, ಬಸ್ಸು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿತ್ತು. ಜೊತೆಗೆ ಹೋಗಲು ಎಲೆ ಹಚ್ಚುವ ಚಿಕ್ಕಮ್ಮ ಬಂದಳು. ಅಪ್ಪ ಹಿಟ್ಟಿನ ಕೈಯಲ್ಲೇ ಓಡಿ ಬಂದು, "ಅಣ್ಣ, ಆಸ್ಪತ್ರೆ ಬಾಗ್ಲಲ್ಲೇ ಇಳುಸ್ಬೇಕು" ಎಂದು ಡ್ರೈವರಿಗೆ ಕೈಮುಗಿದರು.

"ಇಳುಸ್ತೀನಿ ಸಾ. ಮಂಚದವರ್ಗೂ ಬಸ್ ಬುಡ್ಲಾ?" ಎಂದು ಅವನು ನಕ್ಕ. ಮುಂದಿನ ಸೀಟು ಬಿಡಿಸಿ ಕೂರಿಸಿದ. ದೊಡ್ಡಮ್ಮ ಕಿಟಕಿಯಿಂದ ಯಾವುದೋ ದಿಕ್ಕಿಗೆ ನೋಡುತ್ತ, "ಒಳ್ಕಲ್ ತೊಳೆದು ಮಡಗಪ್ಪ" ಎಂದಳು.

ಗಿರಾಕಿಗಳೆಲ್ಲ ಹೋದ ಮೇಲೆ ಉಣ್ಣುವುದು ನಮ್ಮ ಹೋಟೆಲಿನ ರೂಢಿ. ಕೆಲಸದವರು, ಮನೆಯವರು ಎಲ್ಲ ಒಂದೇ ಸಾಲು. ಆ ಮಧ್ಯಾಹ್ನ ಅಕ್ಕ ಎಲೆ ಹಾಕಿದಳು. ಅಪ್ಪ ಮೊದಲ ತುತ್ತನ್ನು ಬಾಯಿಯ ತನಕ ತಂದು ನಿಲ್ಲಿಸಿದರು. "ದೊಡ್ಡಮ್ಮ ಬೆಳಿಗ್ಗೆ ಏನ್ ತಿಂದ್ಲು?"

ಮಾವ ಅಕ್ಕನನ್ನು ನೋಡಿದರು. "ನೀನ್ ಕೊಟ್ಟಿರ್ತೀಯ ಅಂದ್ಕಂಡೆ ಕಣವ್ವ."

"ನೀವ್ ಕೊಟ್ಟಿರ್ತೀರ ಅಂದ್ಕಂಡೆ ಮಾವ."

ದಿನಕ್ಕೆ ನೂರು ಜನರನ್ನು "ಇನ್ನೇನ್ ಕೊಡ್ಲಿ?" ಎಂದು ಕೇಳುವವರು ನಾವು. ನಮ್ಮೊಳಗೆ ಒಬ್ಬರನ್ನೊಬ್ಬರು ಎಂದೂ ಕೇಳಿಕೊಂಡಿರಲಿಲ್ಲ. ಚಿಕ್ಕಮ್ಮನೂ ಬುತ್ತಿ ಕಟ್ಟಿಕೊಂಡಿರಲಿಲ್ಲ. ಹೋಟೆಲಿನಿಂದ ಹೊರಟವಳು ಹಸಿದಿದ್ದಾಳೆಂದು ಯಾರು ತಾನೆ ಎಣಿಸುತ್ತಾರೆ? ಹೊತ್ತಿದೆಯಾ ಎಂದು ದೊಡ್ಡಮ್ಮ ಕೇಳಿದ್ದು ಯಾಕೆಂದು ನನಗೆ ಆಗ ಹೊಳೆಯಿತು. ನಾನು ಯಾರಿಗೂ ಹೇಳಲಿಲ್ಲ. ಅಂದು ಅಪ್ಪ ಎಲೆ ಮಡಿಸಿ ಎದ್ದರು.

ಮಾರನೆಯ ದಿನ ಚಿಕ್ಕಮ್ಮ ತಿರುಗಿ ಬಂದು ಹೇಳಿದಳು. ಇದ್ದಿಲ ಹೊಗೆಗೆ ದೊಡ್ಡಮ್ಮನಿಗೆ ದಾರಿಯುದ್ದಕ್ಕೂ ವಾಂತಿಯಂತೆ. "ಬರೀ ನೀರು ಕಣಣ್ಣ" ಎಂದು ಹೇಳಿ ಅಪ್ಪನ ಮುಖ ನೋಡಿದಳು. ದೊಡ್ಡಮ್ಮ ಕೆಲವು ವಾರಗಳ ಮೇಲೆ ಬಂದಳು. ಒಂದು ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಬಗ್ಗಿ ಭಾರದ ಕೆಲಸ ಮಾಡಬಾರದೆಂದು ಡಾಕ್ಟರು ಹೇಳಿದ್ದರು. ಆಮೇಲೆ ಅಪ್ಪನೇ ರುಬ್ಬಿದರು. ಅವಳು ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂರುತ್ತಿದ್ದಳು. ಅವಳ ಸಂಬಳ ಕೊನೆಯವರೆಗೂ ನಿಲ್ಲಲಿಲ್ಲ. ಆ ಬೆಳಗಿನ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಈಗ ನಿಮ್ಮ ಮನೆಯಲ್ಲಿ ಗುಂಡಿ ಒತ್ತಿದರೆ ಹಿಟ್ಟಾಗುತ್ತದೆ. ಹಾಸನಕ್ಕೆ ಗಳಿಗೆಗೊಂದು ಬಸ್ಸಿದೆ. ನೀವು ಹೋಟೆಲಿನಲ್ಲಿ ದೋಸೆ ಬಂದದ್ದೇ ತಡ ತಟ್ಟೆಯನ್ನಷ್ಟೇ ನೋಡುತ್ತೀರಿ. ಐವತ್ತು ದಾಟಿದ ನಿಮ್ಮಜ್ಜಿ ಮಾತ್ರ ತಂದಿಟ್ಟವನ ಮುಖ ನೋಡಿ, "ನಿಂದಾಯ್ತೇನಪ್ಪ?" ಎಂದು ಕೇಳುತ್ತಾಳೆ. "ಅಜ್ಜೀ, ಸುಮ್ನಿರಿ" ಎಂದು ನೀವು ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತೀರಿ. ಅವನು "ಆಯ್ತಮ್ಮ" ಎನ್ನುತ್ತಾನೆ. ನನಗೆ ನಂಬಿಕೆ ಬರುವುದಿಲ್ಲ.

ಅಂದು ಬಸ್ಸು ಕೆಡಲಿಲ್ಲ, ಮಕ್ಕಳೇ. ಡಾಕ್ಟರ ಕೈ ನಡುಗಲಿಲ್ಲ. ಅಪ್ಪನ ಇಡ್ಲಿ ಕೂಡ ಮೆತ್ತಗೇ ಬಂದಿತ್ತು. ದೊಡ್ಡಮ್ಮ ಹಸಿದು ಹೋದಳು, ಅಷ್ಟೇ.