ಬಿಳಿ ಹೂ ಅಳಿಸಿದವಳು

ಘಟಪ್ರಭಾದಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವಳು ಪರದೇಶವೊಂದರ ಜನ ಒಬ್ಬರಿಗೊಬ್ಬರು ಸುದ್ದಿ, ಫೋಟೋ ಕಳಿಸುವ ಆ್ಯಪ್ ನಡೆಸುತ್ತಿದ್ದಳು. ಏನು ಕೇಳಿದರೂ ಕನ್ನಡಕವನ್ನು ತಲೆಗೇರಿಸಿ "ತಡೀರಿ ಆಯಿ" ಎನ್ನುವಳು. ನನಗೆ ರೇಗುತ್ತಿತ್ತು.

ಒಂದು ದಿನ ಅಲ್ಲಿನ ಸರಕಾರದ ಆಜ್ಞೆ ಬಂತು: ಬಿಳಿ ಹೂವಿನ ಫೋಟೋಗಳನ್ನೆಲ್ಲ ಅಳಿಸದಿದ್ದರೆ ಸಂಜೆಗೆ ಆ್ಯಪ್ ಬಂದ್.

"ಪೂಜಿ ಹೂವಿನ ಮ್ಯಾಲೆ ಏನ್ ಸಿಟ್ಟ್ರಿ ಆಯಿ ಇವರಿಗೆ?"

"ನನ್ನೇನ್ ಕೇಳ್ತಿ ಖೋಡಿ? ಅಲ್ಲಿಯವರ್ನ ಕೇಳು."

ಆ್ಯಪ್ ಬಳಸುವ ಅಲ್ಲಿಯ ಹೆಂಗಸೊಬ್ಬಳನ್ನು ಕೇಳಿದಳು. ಜೈಲಿನಲ್ಲಿ ಸತ್ತವರ ಮನೆಬಾಗಿಲಿಗೆ ಜನ ಬಿಳಿ ಹೂ ಇಟ್ಟು ಫೋಟೋ ತೆಗೆಯುತ್ತಾರಂತೆ. ಅಳಿಸಲು ಇವಳಿಗೆ ಕೈಯೇ ಬರಲಿಲ್ಲ.

"ಅಳಿಸ್ರಿ, ಮಾತಾಡೋದು ಬಂದಾಗೋದು ಬ್ಯಾಡ ಅಂತ ಆ ಹೆಂಗಸ ಅಂತಾಳ್ರಿ ಆಯಿ. ನಾಳಿಂದ ಕೆಂಪ್ ಹೂ ಇಡ್ತಾರಂತ."

ಅಳಿಸಿದಳು. ಅವತ್ತು ಊಟ ಮಾಡಲಿಲ್ಲ.

ನಾಲ್ಕು ದಿನಕ್ಕೆ ಕೆಂಪಿಗೂ ಆಜ್ಞೆ ಬಂತು. ಅಷ್ಟರಲ್ಲಿ ಅವರು ಹಳದಿ ಇಡತೊಡಗಿದ್ದರು.