ನಂಬರಕ್ಕ ಮತ್ತು ಒಂದೇ ಸಲ ಬರುವ ಹುಡುಗರು

ಸರಕು ನೋಡಿ ಬೆಲೆ ಕಟ್ಟುವುದು ನನ್ನ ಕಸುಬು. ಆ ಕಣ್ಣಿನಿಂದ ನೋಡಿದರೆ, ನಂಬರಕ್ಕನನ್ನು ಮೊದಲ ಸಲ ಕಂಡವರು ಚೌಕಾಸಿಗೂ ನಿಲ್ಲದೆ ಮುಂದಿನ ಅಂಗಡಿಗೆ ಹೋಗಿಬಿಡುತ್ತಾರೆ. ಆಳು ಕುಳ್ಳು. ಕನ್ನಡಕದ ಒಂದು ಕಡ್ಡಿ ಮುರಿದು ಆ ಜಾಗಕ್ಕೆ ಹೊಲಿಗೆ ದಾರ ಸುತ್ತಿದೆ. ಅದೂ ಕಪ್ಪು ಚೌಕಟ್ಟಿಗೆ ಕೆಂಪು ದಾರ, ಕೈಗೆ ಸಿಕ್ಕಿದ್ದು ಅದೇ ಎಂದು. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತು ಕಮ್ಮಿ. ಆಡಿದ ಮಾತು ಸೂಜಿಗಳ ಸಂದಿಯಿಂದ ತೂರಿ ಬರುವುದರಿಂದ ಚುಚ್ಚುತ್ತದೆ. ಸಿಹಿಮಾತು ಸ್ಟಾಕಿಲ್ಲ. ಬಾಳಿಕೆ ಮಾತ್ರ ಗಟ್ಟಿ. ಇಂಥ ಸರಕನ್ನು ಆರಿಸಿ ತಂದವನು ನಾನೇ ಎಂದು ಜಂಬ ಕೊಚ್ಚಿಕೊಳ್ಳುವ ಹಾಗೂ ಇಲ್ಲ. ಒಂದು ದಿನ ಅವಳೇ ಗಂಡನ ತಲೆಯ ಮೇಲೆ ಹೊಲಿಗೆ ಮಿಷನ್ ಹೊರಿಸಿಕೊಂಡು ಬಂದು ನನ್ನ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತಳು. ಏಳಿಸುವ ಧೈರ್ಯ ನನಗಾಗಲಿಲ್ಲ.

ನನ್ನ ಅಂಗಡಿ ಆಟದ ಮೈದಾನದ ಎದುರಿಗೇ ಇದೆ. ಚೆಂಡು, ಬೂಟು, ಜೆರ್ಸಿ, ಗಾಳಿ ಹೊಡೆಯುವ ಪಂಪು ಮಾರುತ್ತೇನೆ. ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಅವಳು ಜೆರ್ಸಿಗಳ ಬೆನ್ನಿಗೆ ನಂಬರು ಹೊಲಿಯುತ್ತಿದ್ದಳು, ಹಾಗಾಗಿ ನಂಬರಕ್ಕ. ಅಪ್ಪ ಅಮ್ಮ ಇಟ್ಟ ಹೆಸರನ್ನು ಅವಳ ಗಂಡನೂ ಮರೆತಿರಬೇಕು. ಬಸ್ ಡಿಪೋದ ಮೆಕ್ಯಾನಿಕ್ ಆತ, ಎಂಜಿನ್ ಸದ್ದಿಗೆ ಕಿವಿ ಅರ್ಧ ಹೋಗಿತ್ತು. ಮನೆಗೆ ಬಂದವನೇ ಹೊಸ್ತಿಲಲ್ಲೇ ‘ಏನೇ ನಂಬರಕ್ಕಾ’ ಎಂದು ಕೂಗುತ್ತಿದ್ದ. ಕಟ್ಟಿಕೊಂಡವಳನ್ನು ಅಕ್ಕ ಅನ್ನುತ್ತಾರೇನಯ್ಯ ಎಂದು ನಾನು ಛೇಡಿಸಿದರೆ, ಊರೇ ಅನ್ನುತ್ತೆ, ನಂದೊಂದು ಯಾಕೆ ಬೇರೆ ಎನ್ನುತ್ತಿದ್ದ.

ನಮ್ಮೂರಿನ ಹುಡುಗರ ಫುಟ್‌ಬಾಲ್ ಕೂಟದ ಹೆಸರು ಇವತ್ತು ಹಲವು ದೇಶಗಳಿಗೆ ಗೊತ್ತು. ಹುಟ್ಟಿದ್ದು ಮಾತ್ರ ಬರೀ ಬಾಯಿಬಡಾಯಿಯಿಂದ. ಆಗ ಊರಿನ ಆಟದ ಕ್ಲಬ್ಬಿನ ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರು. ಯಾವುದೋ ಸಮ್ಮೇಳನಕ್ಕೆಂದು ಹೊರದೇಶಕ್ಕೆ ಹೋದವರು ಊಟದ ಮೇಜಿನಲ್ಲಿ ಅಕ್ಕಪಕ್ಕದವರ ಮುಂದೆ, ನಮ್ಮಲ್ಲಿ ಹುಡುಗರಿಗಾಗಿ ಅಂತರರಾಷ್ಟ್ರೀಯ ಕೂಟ ನಡೆಯುತ್ತೆ, ನಿಮ್ಮವರನ್ನೂ ಕಳಿಸಿ ಎಂದುಬಿಟ್ಟರು. ಕೂಟ ಎಲ್ಲಿತ್ತು? ಇದ್ದದ್ದು ಒಂದು ಮೈದಾನ, ಎರಡು ಗೋಲು, ಅದರಲ್ಲಿ ಒಂದಕ್ಕೆ ಬಲೆ ಇರಲಿಲ್ಲ. ಮೂರು ದೇಶದವರು ಬರುತ್ತೇವೆ ಎಂದು ಒಪ್ಪಿಕೊಂಡಾಗ ಡಾಕ್ಟರಿಗೆ ತಮ್ಮ ಹಲ್ಲೇ ನೋಯಲು ಶುರುವಾಯಿತು.

ಅಷ್ಟು ಹುಡುಗರನ್ನು ಇಳಿಸುವಂಥ ಹೋಟೆಲ್ ಊರಲ್ಲಿರಲಿಲ್ಲ. ಮನೆಗೆ ಇಬ್ಬರಂತೆ ಹಂಚಿದರು. ಬೇರೆ ದಾರಿಯಿಲ್ಲದೆ ಮಾಡಿದ್ದು ಮುಂದೆ ಕೂಟದ ಹೆಮ್ಮೆಯ ಪದ್ಧತಿಯಾಯಿತು. ಇನ್ನೊಂದು ನಿಯಮವನ್ನು ಡಾಕ್ಟರೇ ಮಾಡಿದರು: ಆಡುವವನಿಗೆ ಹದಿನೈದು ದಾಟಿರಬಾರದು, ಒಮ್ಮೆ ಆಡಿದವನು ಮತ್ತೆ ಆಡುವ ಹಾಗಿಲ್ಲ. ಎಲ್ಲ ಹುಡುಗರಿಗೂ ಅವಕಾಶ ಸಿಗಲಿ ಎಂಬ ಒಳ್ಳೆಯ ಉದ್ದೇಶ. ಆದರೆ ವ್ಯಾಪಾರಿಯಾಗಿ ಹೇಳುತ್ತೇನೆ, ಒಂದೇ ಸಲ ಬರುವ ಗಿರಾಕಿಯನ್ನು ಹಚ್ಚಿಕೊಂಡವನು ಕೆಟ್ಟ. ನಂಬರಕ್ಕ ಹಚ್ಚಿಕೊಂಡಳು.

ಮೊದಲ ವರ್ಷವೇ ಎಡವಟ್ಟಾಯಿತು. ಬಂದ ಒಂದು ತಂಡದ ಜೆರ್ಸಿಯೂ ನಮ್ಮ ಹುಡುಗರದೂ ಒಂದೇ ಹಸಿರು. ಬೆಳಗಾದರೆ ಇಬ್ಬರ ನಡುವೆಯೇ ಪಂದ್ಯ. ಬಂದವರಿಗೆ ತೊಡಿಸಲು ನನ್ನ ಅಂಗಡಿಯಲ್ಲಿ ಹಳದಿ ಜೆರ್ಸಿಗಳಿದ್ದವು, ಆದರೆ ಬೆನ್ನು ಬೋಳು. ನಂಬರಕ್ಕ ಕಪ್ಪು ಬಟ್ಟೆ ಕತ್ತರಿಸಿಕೊಂಡು ಕೂತಳು. ಅವಳ ಕೆಲಸದ ರೀತಿಯೇ ಬೇರೆ. ಜೆರ್ಸಿಯನ್ನು ಮೇಜಿನ ಮೇಲೆ ಹಾಸಿ ನಂಬರು ಇಡುವವಳಲ್ಲ. ಹುಡುಗನಿಗೆ ತೊಡಿಸಿ, ಬೆನ್ನು ತಿರುಗಿಸಿ ನಿಲ್ಲಿಸಿ, ಮೈಮೇಲೆಯೇ ಗುಂಡುಸೂಜಿ ಚುಚ್ಚಿ ಜಾಗ ಗುರುತು ಮಾಡಿಕೊಂಡು, ಆಮೇಲೆ ಬಿಚ್ಚಿಸಿ ಹೊಲಿಯುತ್ತಿದ್ದಳು. ಮೇಜು ಸಪಾಟಾಗಿರುತ್ತೆ, ಬೆನ್ನು ಇರಲ್ಲ ಎಂಬುದು ಅವಳ ವಾದ. ಹಾಗಾಗಿ ಹೊರದೇಶದ ಹುಡುಗರೆಲ್ಲ ನಮ್ಮ ಭಾಷೆಯಲ್ಲಿ ಮೊದಲು ಕಲಿಯುತ್ತಿದ್ದ ಮಾತು ‘ಅಲ್ಲಾಡ್ಬೇಡ’. ಅಲ್ಲಾಡಿದವರಿಗೆ ಅರ್ಥ ಬೇಗ ಆಗುತ್ತಿತ್ತು.

ಹೀಗೆ ನಂಬರಕ್ಕ ಆ ಹುಡುಗರನ್ನೆಲ್ಲ ಹಿಂದಿನಿಂದ ನೋಡಿದಳು. ನಾನು ಮುಂದಿನಿಂದ ನೋಡಿದೆ, ಯಾಕೆಂದರೆ ಹಣ ಕೊಡುವ ಕೈ ಆ ಕಡೆ ಇರುತ್ತದೆ.

ಕೊನೆಯ ಹುಡುಗನ ಸರದಿ ಬರುವಷ್ಟರಲ್ಲಿ ಕಪ್ಪು ಬಟ್ಟೆ ಮುಗಿದಿತ್ತು. ಹದಿಮೂರನೇ ನಂಬರಿನವನು, ಬದಲಿ ಆಟಗಾರ, ಮೂಗಿನ ತುದಿ ನೋಡಿಕೊಂಡು ನಿಂತಿದ್ದ. ನಂಬರಕ್ಕ ಮನೆಗೆ ಹೋಗಿ ಅಡಿಗೆಮನೆ ಕಿಟಕಿಯ ನೀಲಿ ಪರದೆಯ ಮೂಲೆಯನ್ನೇ ಕತ್ತರಿಸಿ ತಂದಳು. ಎಲ್ಲರ ಬೆನ್ನಲ್ಲೂ ಕಪ್ಪು ನಂಬರು, ಇವನ ಬೆನ್ನಲ್ಲಿ ಬಿಳಿ ಹೂವಿನ ನೀಲಿ ನಂಬರು. ಅವಳ ಗಂಡ ಅವನಿಗೆ ‘ಪರದೆ’ ಎಂದು ಹೆಸರಿಟ್ಟ.

ಪರದೆ ಇಳಿದುಕೊಂಡದ್ದು ನಂಬರಕ್ಕನ ಮನೆಯಲ್ಲೇ. ಜೊತೆಗಿದ್ದ ಇನ್ನೊಬ್ಬ, ಗೋಲು ಕಾಯುವ ಹುಡುಗ, ಎಲ್ಲರ ಬಾಯಲ್ಲಿ ಗೋಲಿ. ಅವನ ಜೆರ್ಸಿಯ ಬಣ್ಣ ಬೇರೆ, ನಂಬರು ಹೊಲಿದೇ ಬಂದಿತ್ತು. ಹಾಗಾಗಿ ಅವನೊಬ್ಬ ಅವಳ ಸೂಜಿಗೆ ಬೆನ್ನು ಕೊಡಲಿಲ್ಲ. ಮುಖ ಮಾತ್ರ ಕೊಟ್ಟ. ಎಂಥ ಮುಖ ಅಂತೀರಿ. ಎಡ ಹುಬ್ಬಿನಲ್ಲಿ ಗಾಯದ ಗೆರೆ, ನಕ್ಕರೆ ಅದೂ ನಗುತ್ತಿತ್ತು. ಅವಳು ಎಸೆದ ಮೊಟ್ಟೆಗಳನ್ನು ಒಂದೂ ಒಡೆಯದಂತೆ ಹಿಡಿಯುತ್ತಿದ್ದ. ದೀಪದ ಬುರುಡೆ ಒಡೆದ, ಅವಳು ಬೈದಳು, ಅವನು ಅವಳ ಹಾಗೆಯೇ ಬಾಯಲ್ಲಿ ಸೂಜಿ ಕಚ್ಚಿದವನಂತೆ ನಟಿಸಿ ತಿರುಗಿ ಬೈದ. ಪರದೆ ಪಾಪ, ಕೊಟ್ಟದ್ದು ತಿಂದು, ಹಾಸಿದಲ್ಲಿ ಮಲಗಿ, ಇವರಿಬ್ಬರನ್ನು ನೋಡಿಕೊಂಡಿದ್ದ. ಹೊರಡುವಾಗ ಗೋಲಿ ಅವಳ ಕೈ ಹಿಡಿದುಕೊಂಡು ಅತ್ತ. ನೆಲ ತೋರಿಸಿ, ತನ್ನ ಎದೆ ತೋರಿಸಿ, ಮತ್ತೆ ನೆಲ ತೋರಿಸಿದ. ಇಲ್ಲಿಗೆ ಮತ್ತೆ ಬರುತ್ತೇನೆ ಎಂದು.

ಅದನ್ನು ಅವಳು ನಂಬಿದಳು. ಚೌಕಾಸಿಯಲ್ಲಿ ನನ್ನನ್ನೇ ಮಣಿಸುವ ಹೆಂಗಸು, ಒಬ್ಬ ಹುಡುಗನ ಕೈಸನ್ನೆ ನಂಬಿದಳು.

ಆಮೇಲೆ ಪ್ರತಿ ಕೂಟದಲ್ಲೂ ನನ್ನ ಮನೆಗೆ ಗೋಲು ಕಾಯುವವನನ್ನೇ ಕಳಿಸಿ ಎಂದು ಕ್ಲಬ್ಬಿನವರಿಗೆ ದುಂಬಾಲು ಬೀಳುತ್ತಿದ್ದಳು. ಆ ದೇಶದ ತಂಡ ಬಂದರಂತೂ ಒಬ್ಬೊಬ್ಬರ ಮುಂದೆಯೂ ತನ್ನ ಎಡ ಹುಬ್ಬಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿ, ಅವನು ಎಲ್ಲಿ ಎಂದು ಕೇಳುವಳು. ಅವರು ಇವಳ ಹುಬ್ಬಿಗೆ ಏನೋ ಆಗಿದೆ ಎಂದುಕೊಂಡು ಮುಲಾಮು ಕೊಟ್ಟದ್ದೂ ಉಂಟು. ಪಕ್ಕದ ಬೀದಿಗೇ ಮದುವೆಯಾಗಿದ್ದ ಮಗಳು, ನಾನು ಬರೀ ಹೆತ್ತ ಮಗಳು, ಆಟ ಆಡಿ ಹೋದವನೇ ಮಗ ಎಂದು ಮೂದಲಿಸುತ್ತಿದ್ದಳು. ನಾನೂ ಸುಮ್ಮನಿರುತ್ತಿರಲಿಲ್ಲ. ಬೇರೆಯವರು ಪಾತ್ರೆ ಕೂಡಿಡುತ್ತಾರೆ, ನೀನು ಗೋಲಿಗಳನ್ನು ಕೂಡಿಡುತ್ತೀಯ ಎನ್ನುತ್ತಿದ್ದೆ. ಸೂಜಿಗಳ ಹಿಂದಿನಿಂದ ಉತ್ತರ ಬರುತ್ತಿತ್ತು: ‘ನಿಲ್ತಾರಾ? ನಿಂತ್ರೆ ತಾನೇ ಕೂಡಿಡೋದು.’

ಕೂಟ ಬೆಳೆಯಿತು. ದೇಶಗಳು ಹೆಚ್ಚಿದವು, ದುಡ್ಡು ಹಾಕುವವರು ಬಂದರು. ಗೊತ್ತಿಲ್ಲದವರ ಮನೆಯಲ್ಲಿ ಮಕ್ಕಳನ್ನು ಬಿಡುವುದು ಹೇಗೆ ಎಂದು ಹೊರಗಿನ ತಂದೆತಾಯಿಗಳು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಮೈದಾನದ ಆಚೆಗೆ ದೊಡ್ಡ ಹೋಟೆಲೂ ಎದ್ದಿತು. ಹುಡುಗರೆಲ್ಲ ಅಲ್ಲಿಗೆ ಹೋದರು. ಜೆರ್ಸಿಗೆ ನಂಬರು ಒತ್ತುವ ಬಿಸಿ ಯಂತ್ರವನ್ನು ನಾನೂ ತಂದೆ. ಮೊದಲ ಜೆರ್ಸಿಯನ್ನು ಅದಕ್ಕೆ ಹಾಸಿಕೊಟ್ಟವಳು ನಂಬರಕ್ಕನೇ. ಬಿಸಿಗೆ ಅಂಟಿದ್ದು ಬಿಸಿಗೇ ಬಿಡುತ್ತೆ ನೋಡ್ತಿರು ಎಂದಳು, ಬಿಟ್ಟಿತು ಕೂಡ. ಆದರೂ ಜನಕ್ಕೆ ಅದೇ ಬೇಕು. ಅವಳು ಅಂಚು ಮಡಿಸುವ, ಜಿಪ್ಪು ಹಾಕುವ ಕೆಲಸಕ್ಕೆ ಇಳಿದಳು. ಕಣ್ಣು ಮಂಜಾದ ಮೇಲೆ ಮಿಷನ್ ಮನೆಗೇ ಹೋಯಿತು. ಕೂಟದ ವಾರ ಬಂತೆಂದರೆ ಮಾತ್ರ ಹುಡುಗರು ಮಲಗುತ್ತಿದ್ದ ಎರಡು ಮಂಚಗಳಿಗೆ ಒಗೆದ ಹಾಸಿಗೆಬಟ್ಟೆ ಹಾಕಿ ಬಾಗಿಲು ತೆರೆದಿಡುತ್ತಿದ್ದಳು. ಯಾರಿಗೆ ಎಂದು ಗಂಡ ಕೇಳಿದರೆ, ಹಾಸಿಗೆಗೂ ಗಾಳಿ ಬೇಡವೇ ಎನ್ನುತ್ತಿದ್ದಳು.

ಕಳೆದ ಕೂಟದಲ್ಲಿ ಗೋಲಿಯ ದೇಶದ ತಂಡ ಬಂತು. ಸ್ವಾಗತ ಸಮಾರಂಭದಲ್ಲಿ ನಾನೂ ಇದ್ದೆ. ಈಗಿನ ಅಧ್ಯಕ್ಷರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರ ತಾಯಿ ಹೋದ ಮೇಲೆ ಅವರನ್ನು ಏಕವಚನದಲ್ಲಿ ಕರೆದವರಿಲ್ಲ. ಅಂಥವರು ಕೈ ಚಾಚಿಕೊಂಡು ಮುಂದೆ ಹೋದರೆ, ತಂಡದ ಕೋಚು, ತಲೆ ನರೆಯಲು ಶುರುವಾದ ಎತ್ತರದ ಮನುಷ್ಯ, ಆ ಕೈ ಹಿಡಿದು ಮುಖ ಅರಳಿಸಿ ನಮ್ಮ ಭಾಷೆಯಲ್ಲೇ ಹೇಳಿದ:

‘ಬಾರೋ. ಕೂತ್ಕೋ. ತಿನ್ನು.’

ಅಧ್ಯಕ್ಷರ ಮುಖ ಮೆಣಸಿನಕಾಯಾಯಿತು. ಸುತ್ತಲಿನವರು ಕೆಮ್ಮಿದರು. ನಾನು ಮಾತ್ರ ಹತ್ತಿರ ಸರಿದೆ. ಈ ಭಾಷೆ ಯಾವ ಶಾಲೆಯಲ್ಲೂ ಕಲಿಸುವಂಥದ್ದಲ್ಲ. ಇದು ಒಂದೇ ಅಡಿಗೆಮನೆಯ ಮಾಲು. ತಕ್ಷಣ ಅವನ ಎಡ ಹುಬ್ಬು ನೋಡಿದೆ. ಗೆರೆ ಇರಲಿಲ್ಲ.

ಆದರೂ ಅವನನ್ನೂ, ಮಾತು ತಿಳಿಸಲು ಜೊತೆಗಿದ್ದ ಹುಡುಗಿಯನ್ನೂ ಕರೆದುಕೊಂಡು ಹೋದೆ. ನಂಬರಕ್ಕ ನಡುಮನೆಯಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದಳು. ಹೊಸ್ತಿಲಲ್ಲಿ ನಿಂತು ಅವನು, ‘ಏನೇ ನಂಬರಕ್ಕಾ’ ಎಂದ.

ಒಳಗಿದ್ದ ಗಂಡ ಹೊರಗೆ ಇಣುಕಿದ. ‘ಯಾರೋ ಅದು, ನನ್ನ ಥರ ಕೂಗೋನು?’

ನಂಬರಕ್ಕ ಕೂತ್ಕೋ ಎನ್ನಲೂ ಮರೆತಳು. ‘ಗೋಲಿ ಎಲ್ಲೋ?’ ಎಂದಳು.

ಆ ಹೆಸರು ಅವನಿಗೆ ಅರ್ಥವಾಯಿತು. ಕೈ ಚೆಲ್ಲಿದ. ಅವರ ಮನೆಯವರು ಆ ವರ್ಷವೇ ಬೇರೆ ಊರಿಗೆ ಹೋದರಂತೆ, ಆಮೇಲೆ ನೋಡಿಲ್ಲವಂತೆ ಎಂದು ಹುಡುಗಿ ತಿಳಿಸಿದಳು. ನಂಬರಕ್ಕ ಬಾಯಿಂದ ಸೂಜಿಗಳನ್ನು ತೆಗೆದು ಡಬ್ಬಿಗೆ ಹಾಕಿದಳು. ಇಷ್ಟು ವರ್ಷದಲ್ಲಿ ಅವಳು ಕೆಲಸದ ಮಧ್ಯೆ ಸೂಜಿ ಡಬ್ಬಿಗೆ ಹಾಕಿದ್ದನ್ನು ನಾನು ಕಂಡಿರಲಿಲ್ಲ.

ಇವನು ತಾನು ಇನ್ನೊಂದು ಮಂಚದಲ್ಲಿ ಮಲಗಿದ್ದವನು ಎಂದು ಹೇಳಿಸಿದ. ಅವಳು ಕನ್ನಡಕ ತೆಗೆದು ನೋಡಿದಳು, ಹಾಕಿಕೊಂಡು ನೋಡಿದಳು. ಆ ಮುಖವನ್ನು ಅವಳು ಆವತ್ತೇ ಸರಿಯಾಗಿ ನೋಡಿರಲಿಲ್ಲ, ಈಗ ಎಲ್ಲಿಂದ ನೆನಪಾಗಬೇಕು? ‘ಇರಬಹುದು’ ಎಂದಳು. ನಮ್ಮ ವ್ಯಾಪಾರದಲ್ಲಿ ಇರಬಹುದು ಎಂದರೆ ಬೇಡ ಎಂದರ್ಥ.

ಅವನಿಗೆ ಅಭ್ಯಾಸಕ್ಕೆ ಹೊತ್ತಾಗಿತ್ತು. ಅಡಿಗೆಮನೆ ಕಿಟಕಿಯ ಕಡೆಗೊಮ್ಮೆ ನೋಡಿದ. ಅಲ್ಲಿ ಈಗ ಗಾಜು ಮಾತ್ರ. ನಕ್ಕು, ತಲೆ ಬಾಗಿಸಿ, ಹೊರಡಲು ತಿರುಗಿದ.

‘ನಿಂತ್ಕೋ’ ಎಂದಳು ನಂಬರಕ್ಕ.

ಎದ್ದು ಹೋಗಿ ಅವನ ಹಿಂದೆ ನಿಂತಳು. ಈಗ ಅವಳ ತಲೆ ಅವನ ಭುಜಕ್ಕೂ ಬರುತ್ತಿರಲಿಲ್ಲ. ಅಂಗಿಯನ್ನು ಎರಡೂ ಬದಿ ಜಗ್ಗಿ ಸರಿ ಮಾಡಿ, ಬಲ ಭುಜದ ಕೆಳಗೆ ಅಂಗೈ ಊರಿದಳು.

‘ಬಲಗಡೆ ಇನ್ನೂ ತಗ್ಗೇ ಇದೆ. ಹದಿಮೂರರ ಮೂರನ್ನ ಒಂದು ಬೆರಳು ಮೇಲಕ್ಕೆತ್ತಿ ಹೊಲ್ದಿದ್ದೆ ನಿಂಗೆ. ಪರದೆ ಅಲ್ವೇನೋ ನೀನು?’

ಹುಡುಗಿ ಅದನ್ನು ಅವನ ಭಾಷೆಗೆ ತಿರುಗಿಸಲು ಬಾಯಿ ತೆರೆದಳು. ಅಗತ್ಯ ಬೀಳಲಿಲ್ಲ. ಅವನು ಗೋಡೆಗೆ ಮುಖ ಮಾಡಿ, ಕೈ ಎರಡೂ ಪಕ್ಕಕ್ಕಿಟ್ಟು, ಶಾಲೆಯ ಹುಡುಗನಂತೆ ನೆಟ್ಟಗೆ ನಿಂತುಬಿಟ್ಟಿದ್ದ. ‘ಅಲ್ಲಾಡ್ಬೇಡ’ ಎಂದ, ತನಗೆ ತಾನೇ. ಭುಜ ಮಾತ್ರ ಅಲ್ಲಾಡುತ್ತಿತ್ತು.

ಕೂಟ ಮುಗಿದು ತಂಡಗಳೆಲ್ಲ ಹೋದ ಮೇಲೆ ನಂಬರಕ್ಕ ನನ್ನಲ್ಲಿ ಉಳಿದಿದ್ದ ದಾರದ ಉಂಡೆ ಕೊಳ್ಳಲು ಅಂಗಡಿಗೆ ಬಂದಳು. ಅಂತೂ ಒಬ್ಬ ಬಂದನಲ್ಲ ಎಂದೆ. ಅವಳು ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

‘ಇವನಿಗೋಸ್ಕರ ನಾನು ಒಂದು ದಿನವೂ ಕಾಯ್ಲಿಲ್ಲ’ ಎಂದಳು. ‘ಕಾದಿದ್ದೆಲ್ಲ ಆ ಗೋಲಿಗೆ. ಅವನ ಮುಖ ಇಷ್ಟೊತ್ತಿಗೆ ಬದಲಾಗಿರುತ್ತೆ. ಬೆನ್ನು ನಾನು ನೋಡೇ ಇಲ್ಲ. ನಾಳೆ ಬಂದು ಎದುರಿಗೇ ನಿಂತ್ರೂ ಯಾರಪ್ಪಾ ಅಂತೀನಿ.’

ನಾನು ಉಂಡೆ ಕಟ್ಟಿಕೊಟ್ಟೆ. ಅವಳು ಮೈದಾನದ ಅಂಚಿನಲ್ಲಿ ನಡೆದು ಹೋದಳು. ಮಿಷನ್ ಮುಂದೆ ಕೂತು ಕೂತು ಎಡ ಹೆಗಲು ಬಾಗಿಯೇ ಉಳಿದಿದೆ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ನಾನು ಅದನ್ನು ಗಮನಿಸಿದ್ದು ಆವತ್ತೇ ಮೊದಲು.

ಬರುವ ಗಿರಾಕಿಯ ಮುಖ ನೋಡುವುದಷ್ಟೇ ನನಗೆ ಗೊತ್ತಿತ್ತು. ಹೋಗುವವರ ಬೆನ್ನನ್ನೂ ನೋಡಬೇಕು ಎಂದು ಕಲಿಸಿದವಳು ನಂಬರಕ್ಕ. ಅವಳಿಗೆ ನಾನು ಋಣಿಯಾಗಿರುವುದು ಅದಕ್ಕೆ.