ಅರ್ಜಿಯಲ್ಲಿ ಬರೆಯದ ಉಬ್ಬಸ

ನಾನು ಶ್ವಾಸಕೋಶದ ಡಾಕ್ಟರ್. ಡಲ್ಲಾಸ್‌ನ ಆಸ್ಪತ್ರೆಯೊಂದರಲ್ಲಿ ದಿನವಿಡೀ ಜನರ ಎದೆ, ಬೆನ್ನುಗಳಿಗೆ ಸ್ಟೆತಸ್ಕೋಪ್ ಒತ್ತುವುದೇ ಕೆಲಸ. ಸಿಗರೇಟು ಸೇದುವುದನ್ನು ಮುಚ್ಚಿಡುವ ರೋಗಿಗಳನ್ನು ಮುಖ ಮೂತಿ ನೋಡದೆ ಬೈದು ಕಳಿಸುತ್ತೇನೆ. ಅಂಥ ನಾನು ಕಳೆದ ಬೇಸಿಗೆಯಲ್ಲಿ ಮಾಡಿದ್ದನ್ನು ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಈಗ ಎಂಟನೇ ಕ್ಲಾಸಿನಲ್ಲಿರುವ ಮಗಳಿಗೆ ಆಗ ಡಲ್ಲಾಸ್ ಪಕ್ಕದ ಊರು ಕಾಪೆಲ್‌ನ ಬೇಸಿಗೆ ಶಿಬಿರವೊಂದರಲ್ಲಿ ಸೀಟು ಸಿಕ್ಕಿತ್ತು. ಸತ್ತ ಪ್ರಾಣಿಗಳನ್ನು ಕೊಯ್ದು ಒಳಗೇನಿದೆ ಎಂದು ನೋಡುವ ಒಂದು ವಾರದ ಕ್ಲಾಸು. ಎರೆಹುಳು, ಕಪ್ಪೆ, ಕೊನೆಯ ದಿನ ಕುರಿಯ ಶ್ವಾಸಕೋಶ. ಮಗುವಿಗೆ ಉಬ್ಬಸ ಇದೆಯೇ ಎಂದು ಅರ್ಜಿಯಲ್ಲಿ ಕೇಳಿದ್ದರು. ಇದ್ದರೆ, ಪ್ರಾಣಿಗಳನ್ನು ಕೆಡದಂತೆ ಇಡುವ ಔಷಧಿಯ ಘಾಟು ಆಗದೆಂದು, ಅಂಥ ಮಕ್ಕಳನ್ನು ಗಾಜಿನಾಚೆ ಕೂರಿಸಿ ಬರೀ ತೋರಿಸುತ್ತಾರಂತೆ. ನನ್ನ ಮಗಳು ಗಾಜಿನಾಚೆ ಕೂರುವುದೇ? ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ನಾನು ‘ಇಲ್ಲ’ ಎಂದು ಗುರುತು ಹಾಕಿದೆ.

“ಸುಳ್ಳು ಯಾಕ್ರೀ ಬರೀತೀರ?” ಎಂದಳು ಹೆಂಡತಿ.

“ಎರಡು ವರ್ಷದಿಂದ ಒಂದ್ಸಲಾನೂ ಬಂದಿಲ್ಲ. ಡಾಕ್ಟರ್ ನಾನೋ ನೀನೋ?”

ಅವಳ ಬಾಯಿ ಮುಚ್ಚಿಸಿದ್ದಾಯಿತು. ಮಗಳನ್ನೂ ಕರೆದು ಹೇಳಿದೆ: “ಇನ್ಹೇಲರ್ ಬ್ಯಾಗಿನ ತಳದಲ್ಲಿಟ್ಟಿದೀನಿ ಪುಟ್ಟಿ, ಯಾರಿಗೂ ತೋರಿಸ್ಬೇಡ. ಕೇಳಿದ್ರೆ ಇಲ್ಲ ಅನ್ನು.”

“ಓಕೆ, ಅಪ್ಪ.”

ಸೋಮವಾರ ಏನೂ ಆಗಲಿಲ್ಲ. ಮಂಗಳವಾರ ಫ್ರಿಸ್ಕೋದ ನಮ್ಮ ಮನೆಗೆ ವಾಪಸು ಡ್ರೈವ್ ಮಾಡುವಾಗ ಹಿಂದಿನ ಸೀಟಿನಲ್ಲಿ ಎರಡು ಸಲ ಕೆಮ್ಮಿದಳು. ಎಸಿ ಗಾಳಿ ಇರಬೇಕು ಎಂದುಕೊಂಡೆ. ಬುಧವಾರ ಅವಳ ಕೂದಲಲ್ಲೂ ಆ ಘಾಟು ಇತ್ತು. ಗುರುವಾರ ಊಟಕ್ಕೆ ಕೂತಾಗ ಉಸಿರಿಗೊಮ್ಮೆ ಭುಜ ಏಳುತ್ತಿತ್ತು. ಬೇರೆಯವರ ಮಗುವಾಗಿದ್ದರೆ ಆ ಭುಜ ಕಂಡ ಕೂಡಲೇ ಎದೆ ಪರೀಕ್ಷೆ ಮಾಡುತ್ತಿದ್ದೆ. “ಹೇಗಿದೀಯ?” ಎಂದೆ. “ಐ ಆಮ್ ಫೈನ್” ಎಂದಳು. ನನಗೂ ಆ ಉತ್ತರವೇ ಬೇಕಾಗಿತ್ತು. ಹೆಂಡತಿ ತಟ್ಟೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಶುಕ್ರವಾರ ಅಪ್ಪ ಅಮ್ಮಂದಿರನ್ನೂ ಕರೆದಿದ್ದರು. ನಾವು ಹಿಂದೆ ಗೋಡೆಗೊರಗಿ ನಿಂತೆವು. ಟೀಚರ್ ಕುರಿಯ ಶ್ವಾಸನಾಳಕ್ಕೆ ಕೊಳವೆ ತೂರಿಸಿ ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಮುದ್ದೆಯಾಗಿ ಬಿದ್ದಿದ್ದ ಬೂದು ಮಾಂಸ ಮೆಲ್ಲಗೆ ಉಬ್ಬಿ ಮೇಲೆದ್ದಿತು. ಮಕ್ಕಳು ಹೋ ಎಂದು ಕೂಗಿದರು. ಗದ್ದಲ ಇಳಿದಾಗ ಒಂದು ಸಣ್ಣ ಸಿಳ್ಳೆ ಕೇಳಿಸಿತು. ಅದು ಪಂಪಿನದಲ್ಲ. ಇಪ್ಪತ್ತು ವರ್ಷದಿಂದ ಆ ಸದ್ದನ್ನೇ ಕೇಳುತ್ತಾ ಅನ್ನ ತಿಂದವನು ನಾನು. ಮಗಳು ಮೇಜಿನ ಅಂಚು ಹಿಡಿದು ನಿಂತಿದ್ದಳು, ಕತ್ತಿನ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಗೆ ಹೋಗುತ್ತಿತ್ತು.

ನಾನು ತಕ್ಷಣ ಓಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಟೀಚರ್ ಪಕ್ಕದಲ್ಲೇ ಇದ್ದರು, ಅರ್ಜಿಯ ಮೇಲೆ ನನ್ನ ಸಹಿ ಇತ್ತು. ತಾನಾಗಿಯೇ ಇಳಿಯಬಹುದೆಂದು ಕಾದೆ. ಎಷ್ಟು ಹೊತ್ತು ಕಾದೆನೋ, ಹೆಂಡತಿ ತೋಳು ಹಿಡಿದು ತಳ್ಳಿದಾಗಲೇ ನನ್ನ ಕಾಲು ಎದ್ದದ್ದು. ಅಷ್ಟರಲ್ಲಿ ಮಗಳ ತುಟಿ ನೀಲಿಗೆ ತಿರುಗುತ್ತಿತ್ತು.

ಹೊರಗೆ ಸಾಲಾಗಿ ನೇತುಹಾಕಿದ್ದ ಬ್ಯಾಗುಗಳಲ್ಲಿ ಅವಳದನ್ನು ಹುಡುಕಿ, ಪುಸ್ತಕ ಟಿಫಿನ್ ಡಬ್ಬಿ ಎಲ್ಲ ನೆಲಕ್ಕೆ ಸುರಿದು, ಇನ್ಹೇಲರ್ ಹಿಡಿದು ಓಡಿ ಬಂದೆ. ಟೀಚರ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಮಂಡಿಯೂರಿ, ನಿನಗೆ ಉಬ್ಬಸ ಇದೆಯಾ ಎಂದು ಮತ್ತೆ ಮತ್ತೆ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಮಾತಾಡುವಷ್ಟು ಉಸಿರು ಅವಳಲ್ಲಿರಲಿಲ್ಲ. ಬಾಗಿಲಲ್ಲಿದ್ದ ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಟೀಚರ್ ಕಡೆ ತಿರುಗಿ, ಇಲ್ಲವೆಂದು ತಲೆಯಾಡಿಸಿದಳು.